ಹಳೇ ಮಿಲಿಟರಿ ಲಾರಿ, ಜೀಪುಗಳ ಬ್ಯಾಟರಿ ಮತ್ತು ವೈರಿಂಗ್: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್‌ನಲ್ಲಿ ಮಳೆ ಹಿಡಿದರೆ ಸಾಕು, ಈ ಪ್ರಶ್ನೆಗಳು ಶುರು. ನಮ್ಮಲ್ಲಿ ಮನೆಗೊಬ್ಬರು ಮಿಲಿಟರಿಯಲ್ಲಿದ್ದವರು. ಹಾಗಾಗಿ ಡಿಸ್ಪೋಸಲ್‌ನಲ್ಲಿ (ಸೇನೆ ಹಳೇ ಗಾಡಿ ಮಾರುವಾಗ) ಬಂದ ಜೀಪು, ಜೀಪಿನಂಥದ್ದೇ ಜೊಂಗಾ, ನಿಸ್ಸಾನ್ ಒನ್ ಟನ್ ಟ್ರಕ್ಕು, ಎಲ್ಲೋ ಒಂದೊಂದು ಶಕ್ತಿಮಾನ್ ಲಾರಿ ತೋಟದ ಶೆಡ್ಡುಗಳಲ್ಲಿ ಇನ್ನೂ ಇವೆ. ಇಂಜಿನ್ ಗಟ್ಟಿ, ಚಾಸಿಸ್ ಗಟ್ಟಿ. ಕೈ ಕೊಡೋದು ಕರೆಂಟು. ಅದರಲ್ಲೂ ಜನ ಬ್ಯಾಟರಿಯನ್ನು ಬೈಯ್ಯುವಷ್ಟು ತಪ್ಪು ಬ್ಯಾಟರಿಯದ್ದಲ್ಲ.

ಹೊಸ ಬ್ಯಾಟರಿ ಹಾಕಿಸಿದ್ದೇನೆ. ಆದರೂ ಸೆಲ್ಫ್ (ಸ್ಟಾರ್ಟರ್ ಮೋಟರ್) "ಟಕ್" ಅಂತ ಸುಮ್ಮನಾಗುತ್ತದೆ. ಯಾಕೆ?

ಹತ್ತರಲ್ಲಿ ಏಳೆಂಟು ಸಲ ಕಾರಣ ಅರ್ಥ್, ಅಂದರೆ ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಬರುವ ದಾರಿ. ಬ್ಯಾಟರಿಯ ನೆಗೆಟಿವ್‌ನಿಂದ ಚಾಸಿಸ್‌ಗೆ ಒಂದು ಕೇಬಲ್ ಹೋಗುತ್ತದೆ, ಚಾಸಿಸ್‌ನಿಂದ ಇಂಜಿನ್‌ಗೆ ಇನ್ನೊಂದು ಹೆಣೆದ ಪಟ್ಟಿ ಇರುತ್ತದೆ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಈ ಎರಡನೇ ಪಟ್ಟಿ ಇಲ್ಲದಿದ್ದರೆ ಸೆಲ್ಫ್‌ಗೆ ಸರಿಯಾದ ಅರ್ಥ್ ಸಿಗೋದಿಲ್ಲ. ಎಷ್ಟೋ ಗಾಡಿಗಳಲ್ಲಿ ಇಂಜಿನ್ ಇಳಿಸಿದಾಗ ಆ ಪಟ್ಟಿಯನ್ನು ಬಿಚ್ಚಿದವರು ವಾಪಸ್ ಹಾಕಿರೋದೇ ಇಲ್ಲ. ಆಗ ಕರೆಂಟು ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್, ಸ್ಪೀಡೋಮೀಟರ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾಗುತ್ತಿದೆಯಾ? ಅಲ್ಲಿಗೆ ಕಾಯಿಲೆ ಗೊತ್ತಾಯಿತು.

ಲೆಕ್ಕ ಸುಲಭ. ಸೆಲ್ಫ್ 200 ಆಂಪಿಯರ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ತುಕ್ಕು ಹಿಡಿದ ಒಂದು ಜಾಯಿಂಟಿನಲ್ಲಿ ಬರೀ 0.01 ಓಮ್ ತಡೆ ಇದ್ದರೂ ಅಲ್ಲೇ 2 ವೋಲ್ಟ್ ಹೋಯಿತು. ಅಂಥ ಜಾಯಿಂಟ್ ಎರಡಿದ್ದರೆ 12 ವೋಲ್ಟ್ ಬ್ಯಾಟರಿಯಿಂದ ಸೆಲ್ಫ್‌ಗೆ ತಲುಪೋದು ಎಷ್ಟು ನೀವೇ ನೋಡಿ. ಇದೇ ಜಾಯಿಂಟಿನಲ್ಲಿ ಪಾರ್ಕಿಂಗ್ ಲೈಟ್ ಮಾತ್ರ ಚೆನ್ನಾಗಿ ಉರಿಯುತ್ತದೆ, ಯಾಕೆಂದರೆ ಅದಕ್ಕೆ ಬೇಕಾಗಿರೋದು ಅರ್ಧ ಆಂಪಿಯರ್. "ಲೈಟ್ ಉರೀತಿದೆ, ಹಾಗಾದ್ರೆ ಕನೆಕ್ಷನ್ ಸರಿ ಇದೆ" ಅನ್ನೋದು ಅದಕ್ಕೇ ನಂಬುವ ಮಾತಲ್ಲ.

ಹಾಗಾದರೆ ಎಲ್ಲಿ ಹಾಳಾಗಿದೆ ಅಂತ ಹುಡುಕೋದು ಹೇಗೆ?

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ದುಬಾರಿಯದ್ದು ಬೇಡ. ಒಬ್ಬರು ಸೀಟಿನಲ್ಲಿ ಕೂತು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಮೀಟರ್ ಹಿಡಿಯಲಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿದ್ದು ನೋಡಿಕೊಳ್ಳಿ.

ಮೊದಲು ಬ್ಯಾಟರಿಯ ಎರಡು ಕಂಬಗಳ ಮೇಲೆ ನೇರ ಅಳೆಯಿರಿ, ಕೇಬಲ್ ತುದಿಯ ಲಗ್ಗಿನ (ಲೋಹದ ಹಿಡಿಯ) ಮೇಲಲ್ಲ. ಸೆಲ್ಫ್ ಹೊಡೆಯುವಾಗ 12 ವೋಲ್ಟ್ ಬ್ಯಾಟರಿ 9.6ಕ್ಕಿಂತ ಕೆಳಗೆ ಇಳಿಯಬಾರದು. 24 ವೋಲ್ಟ್ ಗಾಡಿಯಲ್ಲಿ 19.2. ಇಳಿದರೆ ಬ್ಯಾಟರಿ ಚಾರ್ಜ್ ಇಲ್ಲ, ಇಲ್ಲವೇ ಸತ್ತಿದೆ, ಇಲ್ಲವೇ ಸೆಲ್ಫ್ ಒಳಗೆ ಜಾಮ್ ಆಗಿ ಸಿಕ್ಕಾಪಟ್ಟೆ ಎಳೆಯುತ್ತಿದೆ.

ಬ್ಯಾಟರಿ ಇಳಿಯಲಿಲ್ಲ, ಆದರೂ ಸೆಲ್ಫ್ ನಿಧಾನ ಅಂದರೆ ದಾರಿಯಲ್ಲಿ ತಡೆ ಇದೆ. ಈಗ ಮೀಟರಿನ ಒಂದು ಕಡ್ಡಿಯನ್ನು ನೆಗೆಟಿವ್ ಕಂಬದ ಮೇಲೆ, ಇನ್ನೊಂದನ್ನು ಸೆಲ್ಫ್ ಮೋಟರಿನ ಬಾಡಿ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. 0.2 ವೋಲ್ಟ್‌ವರೆಗೆ ಪರವಾಗಿಲ್ಲ. 1, 2 ವೋಲ್ಟ್ ಬಂತಾ? ಅರ್ಥ್ ಕಡೆ ಹಾಳು. ಕಡ್ಡಿಯನ್ನು ಸೆಲ್ಫ್ ಬಾಡಿಯಿಂದ ಇಂಜಿನ್‌ಗೆ, ಇಂಜಿನ್‌ನಿಂದ ಚಾಸಿಸ್‌ಗೆ, ಚಾಸಿಸ್‌ನಿಂದ ಲಗ್ಗಿಗೆ ಹೀಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ ತನ್ನಿ. ಎಲ್ಲಿ ಮೀಟರ್ ರೀಡಿಂಗ್ ಥಟ್ಟಂತ ಕಮ್ಮಿಯಾಗುತ್ತದೋ ಆ ಜಾಯಿಂಟೇ ಕಳ್ಳ. ಪಾಸಿಟಿವ್ ಕಡೆಗೂ ಇದೇ ಪರೀಕ್ಷೆ, ಅಲ್ಲಿ 0.5ರವರೆಗೆ ಬಿಡಬಹುದು. ಮಿಲಿಟರಿ ಗಾಡಿಗಳಲ್ಲಿ ಮಧ್ಯೆ ಬ್ಯಾಟರಿ ಮೇನ್ ಸ್ವಿಚ್ ಇರುತ್ತದಲ್ಲ, ಅದರ ಒಳಗಿನ ಕಾಂಟ್ಯಾಕ್ಟ್ ಕಪ್ಪಾಗಿರೋದು ತುಂಬ ಸಾಮಾನ್ಯ. ಅದರ ಈಚೆ ಆಚೆ ಅಳೆಯೋದು ಮರೆಯಬೇಡಿ.

ನನ್ನ ಗಾಡಿ 6 ವೋಲ್ಟಾ, 12 ವೋಲ್ಟಾ, 24 ವೋಲ್ಟಾ?

ಎರಡನೇ ಮಹಾಯುದ್ಧದ ವಿಲ್ಲಿಸ್, ಫೋರ್ಡ್ ಜೀಪುಗಳು ಹುಟ್ಟಿದ್ದು 6 ವೋಲ್ಟ್‌ನಲ್ಲಿ. ಅಜ್ಜನ ಕಾಲದ ಅಂಥ ಜೀಪು ಇದ್ದರೆ ಈಗ ಅದು 12ಕ್ಕೆ ಬದಲಾಗಿರುವ ಸಾಧ್ಯತೆಯೇ ಜಾಸ್ತಿ. ಜರ್ಮನಿಯ ಎಂ.ಎ.ಎನ್. ಪರವಾನಗಿಯಲ್ಲಿ 1959ರಿಂದ ಜಬಲ್ಪುರದಲ್ಲಿ ತಯಾರಾದ ಶಕ್ತಿಮಾನ್, ಆಮೇಲಿನ ಅಶೋಕ್ ಲೇಲ್ಯಾಂಡ್ ಸ್ಟ್ಯಾಲಿಯನ್ 24 ವೋಲ್ಟ್. ಅಂದರೆ ಎರಡು 12 ವೋಲ್ಟ್ ಬ್ಯಾಟರಿ ಒಂದರ ಹಿಂದೆ ಒಂದು.

ಗೊಂದಲ ಇರೋದು ಇಂಜಿನ್ ಬದಲಾದ ಗಾಡಿಗಳಲ್ಲಿ. ಜೊಂಗಾ, ಒನ್ ಟನ್‌ಗಳಲ್ಲಿ ಇದ್ದದ್ದು ಸುಮಾರು 4 ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಇಂಜಿನ್. ಅದರ ಹೊಟ್ಟೆ ತುಂಬಿಸೋಕೆ ಆಗದೆ ಎಷ್ಟೋ ಜನ ಡೀಸೆಲ್ ಇಂಜಿನ್ ಕೂರಿಸಿದ್ದಾರೆ. ಆಗ ಸೆಲ್ಫ್ ಒಂದು ವೋಲ್ಟೇಜ್, ಆಲ್ಟರ್ನೇಟರ್ ಅದೇ ವೋಲ್ಟೇಜ್, ಡ್ಯಾಶ್‌ಬೋರ್ಡ್ ಮೀಟರುಗಳು ಮಾತ್ರ ಹಳೇದು. ಆದ್ದರಿಂದ ಬ್ಯಾಟರಿ ಎಷ್ಟಿದೆ ಅಂತ ಮಾತ್ರ ಎಣಿಸಬೇಡಿ. ಎರಡು ಬ್ಯಾಟರಿ ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಇದ್ದರೂ ಅದು 12 ವೋಲ್ಟೇ. ಸೆಲ್ಫ್ ಮತ್ತು ಆಲ್ಟರ್ನೇಟರ್ ಮೇಲಿನ ತಗಡಿನ ಪಟ್ಟಿ ಓದಿ, ಬಲ್ಬಿನ ಬುಡ ಓದಿ, ಮೀಟರ್ ಇಟ್ಟು ನೋಡಿ. ಮೂರೂ ಒಂದೇ ಹೇಳಬೇಕು. 12 ವೋಲ್ಟ್ ಬಲ್ಬು 24ಕ್ಕೆ ಹಾಕಿದರೆ ಆ ಕ್ಷಣವೇ ಸುಟ್ಟುಹೋಗುತ್ತದೆ. 24ರ ಬಲ್ಬು 12ಕ್ಕೆ ಹಾಕಿದರೆ ಮಿಣುಕು ದೀಪ.

6 ವೋಲ್ಟ್ ಜೀಪನ್ನು ಹಾಗೇ ಉಳಿಸಿಕೊಂಡಿದ್ದೇನೆ. ಸೆಲ್ಫ್ ತುಂಬ ನಿಧಾನ. 12 ಮಾಡಲೇಬೇಕಾ?

ಬೇಡ. ಕೇಬಲ್ ನೋಡಿ. ಅಷ್ಟೇ ಶಕ್ತಿಗೆ 6 ವೋಲ್ಟ್‌ನಲ್ಲಿ 12ರ ಎರಡು ಪಟ್ಟು ಕರೆಂಟು ಹರಿಯಬೇಕು, ಅದಕ್ಕೆ ಮೂಲದಲ್ಲಿ ಹೆಬ್ಬೆರಳು ಗಾತ್ರದ ಕೇಬಲ್ ಇತ್ತು. ಮಧ್ಯೆ ಯಾರೋ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕಾರಿನ ಕೇಬಲ್ ಹಾಕಿರುತ್ತಾರೆ. ಕನಿಷ್ಠ 50 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಹಾಕಿಸಿ, ಅರ್ಥ್ ಕೇಬಲ್ ಕೂಡ ಅದೇ ದಪ್ಪ. ಸೆಲ್ಫ್ ಬುಷ್, ಕಾರ್ಬನ್ ಸರಿ ಇದ್ದರೆ ಜೀಪು ಒಂದೇ ಏಟಿಗೆ ಎದ್ದು ಕೂರುತ್ತದೆ.

24 ವೋಲ್ಟ್ ಗಾಡಿ. ಸ್ಟೀರಿಯೋ, ಮೊಬೈಲ್ ಚಾರ್ಜರ್‌ಗೆ ಒಂದು ಬ್ಯಾಟರಿಯಿಂದ 12 ವೋಲ್ಟ್ ತೆಗೆದುಕೊಳ್ಳಬಹುದಾ?

ಎಲ್ಲರೂ ಮಾಡುತ್ತಾರೆ. ಎಲ್ಲರ ಬ್ಯಾಟರಿಯೂ ಬೇಗ ಹೋಗುತ್ತದೆ. ಆಲ್ಟರ್ನೇಟರ್‌ಗೆ ಕಾಣೋದು ಎರಡೂ ಸೇರಿದ ವೋಲ್ಟೇಜ್ ಮಾತ್ರ. ಒಂದು ಬ್ಯಾಟರಿ ಖಾಲಿಯಾಗಿ 12ರ ಹತ್ತಿರ ಇದ್ದು ಇನ್ನೊಂದು ತುಂಬಿ 16ರ ಹತ್ತಿರ ಹೋದರೂ ಒಟ್ಟು 28 ಬಂತಲ್ಲ, ಅದು ಸರಿ ಅಂತ ಸುಮ್ಮನಿರುತ್ತದೆ. ಖಾಲಿ ಇದ್ದದ್ದು ಸಲ್ಫೇಟ್ ಹಿಡಿದು ಸಾಯುತ್ತದೆ, ತುಂಬಿದ್ದು ನೀರು ಕುದಿಸಿಕೊಂಡು ಸಾಯುತ್ತದೆ. 24ರಿಂದ 12 ಮಾಡುವ ಕನ್ವರ್ಟರ್ ಡಬ್ಬಿ ಲಾರಿ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನೇ ಹಾಕಿಸಿ.

ಎರಡು ಬ್ಯಾಟರಿಯಲ್ಲಿ ಒಂದು ಹೋಗಿದೆ. ಒಂದನ್ನು ಮಾತ್ರ ಬದಲಾಯಿಸಿದರೆ ಸಾಕಲ್ವಾ?

ಸಾಕಾಗಲ್ಲ. ಒಂದೇ ಕಂಪನಿ, ಒಂದೇ ಆಂಪಿಯರ್-ಅವರ್, ಒಂದೇ ಸಮಯಕ್ಕೆ ಕೊಂಡದ್ದು, ಜೋಡಿಯಾಗಿ ಹಾಕಿ. ಉಳಿದ ಒಳ್ಳೇದನ್ನು ತೋಟದ ಪಂಪ್‌ಸೆಟ್ ಇಂಜಿನ್‌ಗೋ ಬ್ಯಾಟರಿ ಬೇಲಿಗೋ ಬಳಸಬಹುದು.

ಬ್ಯಾಟರಿ ನಿಜವಾಗಿ ಸತ್ತಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ರಾತ್ರಿ ಪೂರಾ ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ನೆ ಬಿಟ್ಟು ಅಳೆಯಿರಿ. 12.6ರಿಂದ 12.7 ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಅಂದರೆ ಬಹುತೇಕ ಖಾಲಿ. 10.5ರ ಸುತ್ತ ನಿಂತುಬಿಟ್ಟರೆ ಒಂದು ಸೆಲ್ ಹೋಗಿದೆ ಅಂತ ಲೆಕ್ಕ.

ಮುಚ್ಚಳ ಬಿಚ್ಚುವ ಬ್ಯಾಟರಿಯಾದರೆ ಆಸಿಡ್ ಎಷ್ಟು ಗಟ್ಟಿ ಅಂತ ಅಳೆಯುವ ಹೈಡ್ರೋಮೀಟರ್ ಇನ್ನೂ ಒಳ್ಳೆಯದು. ತುಂಬಿದ ಸೆಲ್ 1.250ರ ಆಸುಪಾಸು ತೋರಿಸಬೇಕು. ಐದು ಸೆಲ್ 1.250, ಒಂದು ಮಾತ್ರ 1.180 ಅಂದರೆ ಚಾರ್ಜ್ ಮಾಡಿ ಉಪಯೋಗ ಇಲ್ಲ. ನೀರು ಕಮ್ಮಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಆಸಿಡ್ ಹಾಕಬೇಡಿ. ಬಾವಿ ನೀರೂ ಬೇಡ, ನಮ್ಮ ಬಾವಿ ನೀರು ಎಷ್ಟೇ ಸಿಹಿಯಾಗಿರಲಿ. ಹಾಗೇ ಚಾರ್ಜ್ ಆಗುತ್ತಿರುವ ಬ್ಯಾಟರಿ ಹತ್ತಿರ ಬೀಡಿ, ಸಿಗರೇಟು ಬೇಡ. ಅದು ಬಿಡೋದು ಹೈಡ್ರೋಜನ್.

ರಾತ್ರಿ ನಿಲ್ಲಿಸಿದ ಗಾಡಿ ಬೆಳಗ್ಗೆ ಡೌನ್. ಯಾವುದು ಕರೆಂಟು ಕುಡಿಯುತ್ತಿದೆ?

ನೆಗೆಟಿವ್ ಕೇಬಲ್ ಬಿಚ್ಚಿ, ಕಂಬಕ್ಕೂ ಕೇಬಲ್‌ಗೂ ಮಧ್ಯೆ ಒಂದು ಸಣ್ಣ ಬಲ್ಬು ಹಿಡಿಯಿರಿ. ಎಲ್ಲ ಸ್ವಿಚ್ ಆಫ್ ಇರಲಿ. ಇಂಥ ಗಾಡಿಯಲ್ಲಿ ಕಂಪ್ಯೂಟರೂ ಇಲ್ಲ, ಗಡಿಯಾರವೂ ಇಲ್ಲ, ಹಾಗಾಗಿ ಬಲ್ಬು ಸ್ವಲ್ಪವೂ ಉರಿಯಬಾರದು. ಉರಿದರೆ ಫ್ಯೂಸ್ ಒಂದೊಂದೇ ಕೀಳಿ. ಯಾವುದು ಕಿತ್ತಾಗ ಬಲ್ಬು ಆರಿತೋ ಆ ಲೈನು.

ಎಲ್ಲ ಫ್ಯೂಸ್ ಕಿತ್ತರೂ ಆರಲಿಲ್ಲ ಅಂದರೆ ಫ್ಯೂಸ್ ಇಲ್ಲದ ಲೈನಿನಲ್ಲಿ ಇದೆ. ಹಳೇ ಗಾಡಿಗಳಲ್ಲಿ ಅಂಥವು ತುಂಬ. ಮೊದಲ ಅನುಮಾನ ಆಲ್ಟರ್ನೇಟರ್‌ನ ಡಯೋಡ್ ಮೇಲೆ, ಅದರ ಬದಲು ಹಳೇ ಡೈನಮೊ ಇದ್ದರೆ ಕಟೌಟ್ (ಡೈನಮೊವನ್ನು ಬ್ಯಾಟರಿಯಿಂದ ಬೇರೆ ಮಾಡುವ ಸ್ವಿಚ್) ಮೇಲೆ. ದಪ್ಪ ವೈರು ಬಿಚ್ಚಿ ನೋಡಿ. ಆಮೇಲಿನ ಅನುಮಾನ ಮಿಲಿಟರಿಯವರು ಬಿಟ್ಟುಹೋದ ವೈರುಗಳ ಮೇಲೆ. ರೇಡಿಯೋ ಲೈನ್, ಸ್ಪಾಟ್ ಲೈಟ್ ಲೈನ್, ಕಾನ್ವಾಯ್ ಲೈಟ್ (ಸಾಲಾಗಿ ಹೋಗುವಾಗ ಹಿಂದಿನ ಗಾಡಿಗೆ ಕಾಣಲು ಇಟ್ಟದ್ದು) ಲೈನ್. ಉಪಕರಣ ಬಿಚ್ಚಿಕೊಂಡು ವೈರನ್ನು ಹಾಗೇ ಕತ್ತರಿಸಿ ಬಿಟ್ಟಿರುತ್ತಾರೆ, ತುದಿಯಲ್ಲಿ ಕರೆಂಟು ಇರುತ್ತದೆ, ಮಳೆಗಾಲದ ತೇವ ಸಾಕು ಅದು ಬಾಡಿಗೆ ಸೋರೋಕೆ. ಬಳಸದ ಲೈನನ್ನು ಶುರುವಾಗುವ ಕಡೆಯೇ ಬಿಚ್ಚಿ, ತುದಿಯಲ್ಲಿ ಟೇಪು ಸುತ್ತೋದು ಸಾಲದು.

ಇಂಜಿನ್ ಆಫ್ ಮಾಡಿದ ಮೇಲೂ ಆಂಪಿಯರ್ ಮೀಟರ್ ಮೈನಸ್‌ಗೆ ಹೋಗಿ ನಿಂತಿದೆ, ಡೈನಮೊ ಬಿಸಿಯಾಗುತ್ತಿದೆ.

ಓದೋದು ನಿಲ್ಲಿಸಿ ಮೊದಲು ಬ್ಯಾಟರಿ ಬಿಚ್ಚಿ. ಕಟೌಟ್ ಕಾಂಟ್ಯಾಕ್ಟ್ ಅಂಟಿಕೊಂಡಿದೆ. ಬ್ಯಾಟರಿ ಈಗ ಡೈನಮೊವನ್ನು ಮೋಟರ್ ಮಾಡಿ ತಿರುಗಿಸೋಕೆ ನೋಡುತ್ತಿದೆ. ವೈರಿಗೆ ಬೆಂಕಿ ಹಿಡಿಯುವ ಕೇಸು ಇದು.

ಡೈನಮೊ ಬಿಚ್ಚಿ ರಿಪೇರಿ ಮಾಡಿ ಹಾಕಿದೆ. ಚಾರ್ಜೇ ಆಗುತ್ತಿಲ್ಲ.

ಡೈನಮೊ ಒಳಗಿನ ಕಬ್ಬಿಣದಲ್ಲಿ ಉಳಿದ ಚೂರು ಅಯಸ್ಕಾಂತ ಶಕ್ತಿಯಿಂದಲೇ ಅದು ಕರೆಂಟು ಶುರು ಮಾಡೋದು. ರಿಪೇರಿಯಲ್ಲಿ ಅದು ಹೋಗಿರಬಹುದು, ಉಲ್ಟಾ ಆಗಿರಬಹುದು. ಒಂದು ಕ್ಷಣ ಕರೆಂಟು ಮುಟ್ಟಿಸಿ ಸರಿ ಮಾಡಬೇಕು. ಲೂಕಾಸ್ ಡೈನಮೊ ಆದರೆ ಅದರ "ಎಫ್" ಟರ್ಮಿನಲ್‌ನ ವೈರು ಬಿಚ್ಚಿಟ್ಟು, ಬ್ಯಾಟರಿಯ ಲೈವ್ ವೈರನ್ನು ಅಲ್ಲಿಗೆ ಒಂದೆರಡು ಸಲ ತಾಗಿಸಿ. ವಿಲ್ಲಿಸ್‌ನ ಅಮೆರಿಕನ್ ಡೈನಮೊ ಆದರೆ ಎಲ್ಲ ವೈರು ಜೋಡಿಸಿದ ಮೇಲೆ ರೆಗ್ಯುಲೇಟರಿನ ಬ್ಯಾಟರಿ ಟರ್ಮಿನಲ್ ಮತ್ತು ಆರ್ಮೇಚರ್ ಟರ್ಮಿನಲ್ ಮಧ್ಯೆ ಒಂದು ತುಂಡು ವೈರು ಕ್ಷಣಮಾತ್ರ ತಾಗಿಸಿ. ಎರಡೂ ಇಂಜಿನ್ ನಿಂತಿರುವಾಗ. ಒಂದರ ವಿಧಾನ ಇನ್ನೊಂದಕ್ಕೆ ಮಾಡಿದರೆ ರೆಗ್ಯುಲೇಟರ್ ಸುಡುತ್ತದೆ. ಯಾವುದು ಅಂತ ಗೊತ್ತಿಲ್ಲದಿದ್ದರೆ ಹಳಬ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

ಇನ್ನೊಂದು, ಡೈನಮೊ ಐಡ್ಲಿಂಗ್‌ನಲ್ಲಿ ಚಾರ್ಜ್ ಕೊಡೋದಿಲ್ಲ ಅಂದರೆ ತಪ್ಪಲ್ಲ. ಸ್ವಲ್ಪ ರೇಸ್ ಮಾಡಿ ಅಳೆಯಿರಿ. ಬ್ಯಾಟರಿ ಮೇಲೆ 13.8ರಿಂದ 14.4 ಬರಬೇಕು, 24 ವೋಲ್ಟ್ ಗಾಡಿಯಲ್ಲಿ ಅದರ ಎರಡರಷ್ಟು. ಫಸ್ಟ್ ಗೇರಿನಲ್ಲಿ ತೋಟದೊಳಗೇ ಓಡಾಡುವ ಜೀಪು ಯಾವತ್ತೂ ಪೂರ್ತಿ ಚಾರ್ಜ್ ಆಗದಿರೋಕೆ ಇದೂ ಒಂದು ಕಾರಣ. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಮಾತ್ರ "ಚಾರ್ಜ್ ಆಗ್ತಿದೆಯಾ ನೋಡೋಣ" ಅಂತ ಇಂಜಿನ್ ಓಡುವಾಗ ಬ್ಯಾಟರಿ ಬಿಚ್ಚಬೇಡಿ. ಮೇನ್ ಸ್ವಿಚ್ಚೂ ಆಫ್ ಮಾಡಬೇಡಿ. ಡಯೋಡ್ ಹೋಗುತ್ತದೆ.

ಇಂಡಿಕೇಟರ್ ಹಾಕಿದರೆ ಹಿಂದಿನ ಎಲ್ಲ ಲೈಟೂ ಮಿಣುಕುತ್ತದೆ. ಬ್ರೇಕ್ ಒತ್ತಿದರೆ ಪಾರ್ಕಿಂಗ್ ಲೈಟ್ ಮಂಕಾಗುತ್ತದೆ. ದೆವ್ವ ಹಿಡಿದಿದೆಯಾ?

ಅರ್ಥ್ ಬಿಟ್ಟಿದೆ. ಆ ಲ್ಯಾಂಪಿನ ಬುಡದಲ್ಲಿ ಅರ್ಥ್ ಸಿಗದೆ ಕರೆಂಟು ಪಕ್ಕದ ಫಿಲಮೆಂಟಿನ ಮೂಲಕ ಹಿಂದಕ್ಕೆ ಹೋಗುತ್ತಿದೆ. ಬ್ಯಾಟರಿ ನೆಗೆಟಿವ್‌ನಿಂದ ಒಂದು ಉದ್ದದ ವೈರು ತಂದು ಲ್ಯಾಂಪಿನ ತಗಡಿಗೆ ತಾಗಿಸಿ ನೋಡಿ, ದೆವ್ವ ಓಡಿಹೋಗುತ್ತದೆ. ಆಮೇಲೆ ಪ್ರತಿ ಹಿಂದಿನ ಲ್ಯಾಂಪಿಗೂ ಬೇರೆ ಅರ್ಥ್ ವೈರು ಎಳೆದುಬಿಡಿ. ನಮ್ಮ ಮಳೆಯಲ್ಲಿ ತುಕ್ಕು ಹಿಡಿದ ಬಾಡಿಯನ್ನು ಅರ್ಥ್ ಅಂತ ನಂಬಿ ಕೂರೋದು ಜಾಣತನ ಅಲ್ಲ.

ಪೇಂಟ್ ಮಾಡಿಸುವ ಮೊದಲು ಎಲ್ಲ ಸರಿ ಇತ್ತು!

ಇದು ತುಂಬ ಜನರ ಗೋಳು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ಬಣ್ಣ ಸೇನೆಯ ಗಾಡಿಗಳಿಗೆ ಮಾತ್ರ. ಹಾಗಾಗಿ ಡಿಸ್ಪೋಸಲ್ ಗಾಡಿ ಬಂದ ಕೂಡಲೇ ಪೇಂಟ್ ಬದಲಾಯಿಸುತ್ತಾರೆ. ಬದಲಾಯಿಸಲೇಬೇಕು, ಸರಿ. ಆದರೆ ಪೇಂಟರ್ ಅರ್ಥ್ ಬೋಲ್ಟ್ ಕೂತುಕೊಳ್ಳುವ ಜಾಗಕ್ಕೂ ಚೆನ್ನಾಗಿ ಎರಡು ಕೋಟ್ ಹೊಡೆದಿರುತ್ತಾನೆ. ಬೋಲ್ಟ್ ಬಿಚ್ಚಿ, ಲಗ್ ಕೂರುವ ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಸ್ಟಾರ್ ವಾಷರ್ ಹಾಕಿ ಬಿಗಿದು, ಅದರ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಜೆಲ್ಲಿ ಬಿಗಿದ ಮೇಲೆ, ಮೊದಲಲ್ಲ.

ಮಳೆ ಬಂದಾಗ ಮಾತ್ರ ಫ್ಯೂಸ್ ಹೋಗುತ್ತದೆ. ಎಲ್ಲಿ ನೋಡಲಿ?

ಹಿಂದೆ ಟ್ರೈಲರ್ ಸಾಕೆಟ್ ಇದೆಯಲ್ಲ, ಅದನ್ನು ಮೊದಲು ತೆಗೆದು ನೋಡಿ. ಮುಚ್ಚಳದ ರಬ್ಬರ್ ಹೋಗಿ ಒಳಗೆ ಹಸಿರು ಪಾಚಿಯಂಥ ತುಕ್ಕು, ಕೆಸರು ತುಂಬಿರುತ್ತದೆ. ಟ್ರೈಲರ್ ಎಳೆಯೋದಿಲ್ಲ ಅಂದರೆ ಸಾಕೆಟ್ಟನ್ನೇ ಲೈನಿನಿಂದ ಬೇರೆ ಮಾಡಿ. ಆಮೇಲೆ ಹಿಂದಿನ ಡಿಫರೆನ್ಷಿಯಲ್ ಮೇಲೆ ಬೆಳಕು ಬೀಳಲಿ ಅಂತ ಇಟ್ಟ ಕಾನ್ವಾಯ್ ಲ್ಯಾಂಪ್. ಕೆಸರು ಹಾರುವ ಜಾಗದಲ್ಲೇ ಇರೋದು ಅದು. ಆಮೇಲೆ ವೈರು ಚಾಸಿಸ್ ತೂತಿನಲ್ಲಿ ನುಗ್ಗುವ ಕಡೆ ರಬ್ಬರ್ ಗ್ರೊಮೆಟ್ (ಬಳೆ) ಇದೆಯಾ ಅಂತ. ಮಾಂದಲಪಟ್ಟಿ ರಸ್ತೆಯಂಥ ಕಡೆ ಕುಲುಕಾಟದಲ್ಲಿ ತಗಡಿನ ಅಂಚು ಇನ್ಸುಲೇಷನ್ ಕೊಯ್ದುಬಿಡುತ್ತದೆ. ಫ್ಯೂಸ್ ಹೋಗುತ್ತಿದೆ ಅಂತ ದೊಡ್ಡ ಫ್ಯೂಸ್, ತಂತಿ, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಹಾಕೋರಿಗೆ ನನ್ನ ಹತ್ತಿರ ಉತ್ತರ ಇಲ್ಲ.

ವೈರಿಂಗ್ ಪೂರಾ ಹೊಸದು ಹಾಕಿಸಲೇಬೇಕಾ?

ಹಳೇ ವೈರು ರಬ್ಬರಿನ ಮೇಲೆ ನೂಲಿನ ಹೊದಿಕೆ ಇರುವಂಥದ್ದಾದರೆ ಒಂದು ಕಡೆ ಮೆಲ್ಲಗೆ ಬಗ್ಗಿಸಿ ನೋಡಿ. ರಬ್ಬರ್ ಪುಡಿಯಾಗಿ ಉದುರಿದರೆ ತೇಪೆ ಹಾಕಬೇಡಿ, ಪೂರಾ ಬದಲಾಯಿಸಿ. ಬಗ್ಗಿದರೆ, ತಾಮ್ರ ಕಪ್ಪಾಗಿಲ್ಲದಿದ್ದರೆ, ಹಾಳಾದ ಲೈನ್ ಮಾತ್ರ ಬದಲಾಯಿಸಿದರೂ ನಡೆಯುತ್ತದೆ. ಕೆಲವು ಮಿಲಿಟರಿ ಗಾಡಿಗಳಲ್ಲಿ ವೈರಿನ ತುದಿಗೆ ನಂಬರಿನ ಲೋಹದ ಪಟ್ಟಿ ಇರುತ್ತದೆ. ಅದನ್ನು ಕಿತ್ತೆಸೆಯುವ ಮೊದಲು ಯಾವ ನಂಬರ್ ಎಲ್ಲಿಂದ ಎಲ್ಲಿಗೆ ಅಂತ ಬರೆದು, ಫೋಟೋ ತೆಗೆದಿಟ್ಟುಕೊಳ್ಳಿ.

ಹೊಸದು ಮಾಡುವಾಗ ಎರಡು ಕೆಲಸ ಸೇರಿಸಿ. ಸೆಲ್ಫ್ ಕೇಬಲ್ ಬಿಟ್ಟು ಉಳಿದ ಇಡೀ ಗಾಡಿಗೆ ಬ್ಯಾಟರಿ ಹತ್ತಿರವೇ ಒಂದು ಮೇನ್ ಫ್ಯೂಸ್. ಹೆಡ್‌ಲೈಟಿಗೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್. ಈಗ ಹೆಡ್‌ಲೈಟಿನ ಸುಮಾರು 10 ಆಂಪಿಯರ್ ಡ್ಯಾಶ್‌ಬೋರ್ಡಿನ ಹಳೇ ಸ್ವಿಚ್ಚಿನ ಮೂಲಕ ಹೋಗಿ ಸುತ್ತಿಬರುವಷ್ಟರಲ್ಲಿ ಸೊರಗುತ್ತದೆ. ರಿಲೇ ಹಾಕಿದರೆ ಅದೇ ಬಲ್ಬು, ಬೆಳಕು ಬೇರೆ. ಸಿದ್ದಾಪುರ, ತಿತಿಮತಿ ಕಡೆ ರಾತ್ರಿ ಓಡಾಡೋರಿಗೆ ಇದು ಶೋಕಿ ಅಲ್ಲ, ತಿರುವಿನಲ್ಲಿ ಆನೆ ನಿಂತಿರೋದು ಮುಂಚೆಯೇ ಕಾಣಬೇಕು.

ಇಲಿ ವೈರು ತಿನ್ನುತ್ತದೆ.

ನುಸಿಗುಳಿಗೆ ನಾಲ್ಕು ದಿನ ಕೆಲಸ ಮಾಡುತ್ತದೆ, ಆಮೇಲೆ ಇಲಿಗೆ ಅಭ್ಯಾಸ ಆಗುತ್ತದೆ. ಶೆಡ್ಡಿನಲ್ಲಿ ಗಾಡಿ ಪಕ್ಕ ಗೋಣಿಚೀಲ, ಭತ್ತದ ಹುಲ್ಲು ಇಡಬೇಡಿ. ವೈರನ್ನು ಸುರುಳಿ ಪೈಪಿನೊಳಗೆ ಹಾಕಿಸಿ. ವಾರಕ್ಕೊಮ್ಮೆ ಬಾನೆಟ್ ಎತ್ತಿ.

ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಗ್ಗೆ ಉರುಳಿಸಿ ಸ್ಟಾರ್ಟ್ ಮಾಡುತ್ತೇವೆ. ತೊಂದರೆ ಇದೆಯಾ?

ಕೊಡಗಿನ ಅರ್ಧ ಜೀಪುಗಳ ಸೆಲ್ಫ್ ಇದೇ ಅಲ್ವಾ! ಜೀಪಿಗೆ ಅಪರೂಪಕ್ಕೆ ಪರವಾಗಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಕಾಯಿಲ್‌ಗೆ ಸಾಕಾಗುವಷ್ಟಾದರೂ ಬ್ಯಾಟರಿ ಜೀವ ಇರಬೇಕು. ಆದರೆ ಏರ್ ಬ್ರೇಕ್ ಇರುವ ಲಾರಿಯನ್ನು ಇಂಜಿನ್ ಆಫ್ ಇರುವಾಗ ಇಳಿಜಾರಿನಲ್ಲಿ ಉರುಳಿಸಲೇಬೇಡಿ. ಟ್ಯಾಂಕಿನಲ್ಲಿ ಗಾಳಿ ಇಲ್ಲದಿದ್ದರೆ ಬ್ರೇಕೇ ಇಲ್ಲ.

ಪಕ್ಕದ ಮನೆ ಗಾಡಿಯಿಂದ ಜಂಪ್ ಮಾಡಬಹುದಾ?

ಎರಡೂ ಗಾಡಿ ಒಂದೇ ವೋಲ್ಟೇಜ್ ಇದ್ದರೆ ಮಾತ್ರ. 24 ವೋಲ್ಟ್ ಲಾರಿಯ ಸಾಕೆಟ್ಟಿನಿಂದ 12 ವೋಲ್ಟ್ ಜೀಪಿಗೆ ಕೊಟ್ಟರೆ ಜೀಪಿನ ಕಥೆ ಮುಗಿಯಿತು. ಪಾಸಿಟಿವ್‌ಗೆ ಪಾಸಿಟಿವ್ ಮೊದಲು. ಕೊನೆಯ ನೆಗೆಟಿವ್ ಕ್ಲಿಪ್ಪನ್ನು ಡೌನ್ ಆದ ಗಾಡಿಯ ಇಂಜಿನ್ ಬ್ಲಾಕಿಗೆ ಹಾಕಿ, ಬ್ಯಾಟರಿಗಲ್ಲ. ಬಿಚ್ಚುವಾಗ ಉಲ್ಟಾ. ಹಾಗೇ ಬ್ಯಾಟರಿ ಇಳಿಸುವಾಗ ಯಾವಾಗಲೂ ನೆಗೆಟಿವ್ ಮೊದಲು ಬಿಚ್ಚಿ. ಆಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರಲ್ಲ.

ಸಿಮೆಂಟ್ ನೆಲದ ಮೇಲೆ ಇಟ್ಟರೆ ಬ್ಯಾಟರಿ ಡೌನ್ ಆಗುತ್ತದಂತೆ?

ಹಳೇ ಕಾಲದ ರಬ್ಬರ್, ಮರದ ಪೆಟ್ಟಿಗೆಯ ಬ್ಯಾಟರಿಗೆ ಅದು ನಿಜ. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಅಲ್ಲ. ಆದರೆ ಎಲ್ಲಿ ಇಟ್ಟರೂ ಬ್ಯಾಟರಿ ತನ್ನಷ್ಟಕ್ಕೆ ಇಳಿಯುತ್ತದೆ. ಮಳೆಗಾಲ ಪೂರಾ ಗಾಡಿ ಮುಟ್ಟೋದಿಲ್ಲ ಅಂದರೆ ಬ್ಯಾಟರಿ ಬಿಚ್ಚಿ, ಮೇಲ್ಭಾಗ ಒರೆಸಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಬಿಳಿ ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆಯಿರಿ, ನೀರು ಸೆಲ್ಲಿನೊಳಗೆ ಮಾತ್ರ ಹೋಗಬಾರದು.

ಕೈಲ್ ಮುಹೂರ್ತಕ್ಕೆ (ಕೊಡಗಿನ ಆಯುಧ ಪೂಜೆಯ ಹಬ್ಬ) ತೊಳೆದು ಪೂಜೆ ಮಾಡಿದೆವು. ಈಗ ಸ್ಟಾರ್ಟೇ ಆಗುತ್ತಿಲ್ಲ.

ಪ್ರತಿ ವರ್ಷ ಸೆಪ್ಟೆಂಬರ್ 3ರ ಆಸುಪಾಸು ಇದೊಂದು ಫೋನ್ ಇದ್ದದ್ದೇ. ಪ್ರೆಷರ್ ಪಂಪಿನ ನೀರು ಪೆಟ್ರೋಲ್ ಇಂಜಿನ್ನಿನ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ಹೋಗಿದೆ. ಕ್ಯಾಪ್ ತೆಗೆದು, ಒಣ ಬಟ್ಟೆಯಲ್ಲಿ ಒಳಗೆ ಹೊರಗೆ ಒರೆಸಿ, ಪ್ಲಗ್ ವೈರುಗಳನ್ನೂ ಒರೆಸಿ. ರೇಡಿಯೋ ಗಾಡಿಯಾಗಿದ್ದು ಪ್ಲಗ್ ವೈರಿನ ಮೇಲೆ ಲೋಹದ ಹೆಣಿಗೆ ಇದ್ದರೆ ಅದರೊಳಗೆ ಸೇರಿದ ನೀರು ಬೇಗ ಆರೋದಿಲ್ಲ, ಬಿಚ್ಚಿ ಬಿಸಿಲಿಗೆ ಇಡಬೇಕು. ಬಿಸಿಲು ಇಲ್ಲದಿದ್ದರೆ ಒಲೆಯ ಪಕ್ಕ, ಒಲೆಯ ಮೇಲಲ್ಲ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಸಿಕೊಳ್ಳುವ ಮೊದಲು ಇಷ್ಟು ಮಾಡಿ ನೋಡಿ.